ಸಪ್ಪಳಕ್ಕ ರೊಕ್ಕ ಕೊಟ್ಟಾಕಿ ನಾನ

ಮೊದಲ ಒಪ್ಪಿಕೊಂಡ ಬಿಡ್ತೀನಿ. ಈ ಬ್ಯಾಸಗಿಯೊಳಗ ನಮ್ಮ ಓಣಿಯವರ ನಿದ್ದಿ ಕೆಡಿಸಿದ ಬುಲೆಟ್ ಐತೆಲ್ಲ, ಅದರ ಸೈಲೆನ್ಸರಿಗೆ ರೊಕ್ಕ ಕೊಟ್ಟಾಕಿ ನಾನ. ನಾಲ್ಕೂವರೆ ಸಾವಿರ ರೂಪಾಯಿ. ತಿಕೋಟಾದ ತೋಟದ ಮಣೂಕ ಮಾರಿದ ಮ್ಯಾಲ ನಮ್ಮ ಮನೆಯವರು "ನಿನ್ನ ಖರ್ಚಿಗೆ ಇರಲಿ" ಅಂತ ಕೈಯಾಗ ಇಟ್ಟದ್ದನ್ನ ಜ್ವಾಳದ ಡಬ್ಬಿಯೊಳಗ ಮುಚ್ಚಿ ಇಟ್ಟಿದ್ದೆ. ನೀವೂ ಎಲ್ಲೋ ಒಂದ ಕಡೆ ಇಟ್ಟಿರ್ತೀರಿ, ನನಗ ಗೊತ್ತೈತಿ. ಆ ರೊಕ್ಕ ಹೊರಗ ಬರೂದು ಯಾವಾಗ? ಮಗಳಿಗೆ ಒಂದ ಸೀರಿ ಬೇಕಾದಾಗ, ತವರಿನ್ಯಾಗ ಒಂದ ತೊಟ್ಟಿಲ ಕಾರ್ಯ ಇದ್ದಾಗ, ಇಲ್ಲಾ ಮಗ ಬಂದು "ಅವ್ವಾ" ಅಂತ ಬಾಜೂಕ ಕುಂತಾಗ.

ನಮ್ಮಾಂವ ಹಂಗ ಬಂದು ಕುಂತ. ನಾನು ಶೇಂಗಾ ಒಡೆಯಾಕತ್ತಿದ್ದೆ. ಅವನೂ ನಾಕು ಕಾಯಿ ಒಡೆದ. ಶೇಂಗಾ ಒಡಿಯಾಕ ಮಗ ಕುಂತಾನಂದ್ರ ಏನೋ ಬೇಕಾಗೇತಿ ಅಂತ ತಿಳಕೋಬೇಕು.

"ಅವ್ವಾ, ಕಂಪನಿ ಸೈಲೆನ್ಸರ್ ಹಾಕಿದ ಬುಲೆಟ್ ಅಂದ್ರ ಉಪ್ಪಿಲ್ಲದ ಸಾರು ಇದ್ದಂಗ" ಅಂದ.

ಮೊಬೈಲ್ ತಗದ. ಅದರಾಗ ಒಂದಕಿಂತ ಒಂದು ಹೆಸರು: ಪಂಜಾಬ್ ಸೈಲೆನ್ಸರ್ ಅಂತ, ಇಂದೋರಿ ಅಂತ, ಗೋಲ್ಡ್‌ಸ್ಟಾರ್ ಅಂತ, ಲಾಂಗ್ ಬಾಟಲ್, ಶಾರ್ಟ್ ಬಾಟಲ್ ಅಂತ. ನಾವು ಅಂಗಡಿಗೆ ಹೋಗಿ ಇಳಕಲ್ ಸೀರಿ ತಗಸಿ ಸೆರಗು, ದಡಿ ನೋಡ್ತೀವಲ್ಲ, ಹಂಗ ಅಂವ ಒಂದೊಂದ ಸಪ್ಪಳ ಹಚ್ಚಿ ತೋರಿಸಿದ. ನಾನೂ ಕೇಳಿದೆ. ಸುಳ್ಳ ಯಾಕ ಹೇಳಲಿ, ಆರಿಸಿಕೊಟ್ಟಾಕಿನೂ ನಾನ. "ಇದು ಛಲೋ ಐತಿ ನೋಡು, ಸ್ವಲ್ಪ ಗಂಭೀರ ಐತಿ" ಅಂದೆ. ಮೊಬೈಲಿನ ಸಣ್ಣ ಸ್ಪೀಕರಿನ್ಯಾಗ ಎಲ್ಲಾ ಸಪ್ಪಳನೂ ಗಂಭೀರನ ಇರ್ತಾವು. ಅದು ಮನಿ ಮುಂದ ಬಂದು ನಿಂತಾಗ ಎಷ್ಟು ಜೋರ ಇರತೈತಿ ಅನ್ನೂದನ್ನ ಮೊಬೈಲ್ ಹೇಳೂದಿಲ್ಲ. ಆರಿಸೋ ಕೆಲಸದಾಗ ನಾನು ಮಾಡಿದ ಮೊದಲನೇ ತಪ್ಪು ಅದು.

ನಾನು ಯಾಕ ಅಷ್ಟ ಲಗೂ ಒಪ್ಪಿದೆ ಅಂದ್ರ, ಅದಕ್ಕೂ ಒಂದು ಕಾರಣ ಐತಿ. ನನ್ನ ತವರು ಬಬಲೇಶ್ವರ. ನಮ್ಮ ಅಪ್ಪಾರ ಹತ್ತರ ಯೆಜ್ಡಿ ಗಾಡಿ ಇತ್ತು, ಮೈಸೂರಿನ ಕಾರ್ಖಾನ್ಯಾಗ ತಯಾರಾಗಿದ್ದು. ಆ ಕಾರ್ಖಾನಿ 1996ರಾಗ ಮುಚ್ಚಿತು, ಈಗಿನ ಹುಡುಗೂರಿಗೆ ಗೊತ್ತಿರಲಿಕ್ಕಿಲ್ಲ. ಎರಡೂ ಬದಿಗೆ ಎರಡು ಸೈಲೆನ್ಸರ್. ಅಪ್ಪ ವಿಜಾಪುರದ ಕೆಲಸ ಮುಗಿಸಿ ಸಾರವಾಡದ ಡೋಣಿ ದಾಟಿ ಬರೋವಾಗ ಹೊತ್ತು ಮುಳುಗಿರತಿತ್ತು. ಊರ ಬಾಗಿಲಿಗೆ ಬಂದಾಗ ಅದರ ಸಪ್ಪಳ ಕೇಳತಿತ್ತು. ಅವ್ವ ಹಂಚಿನ ಮ್ಯಾಲ ರೊಟ್ಟಿ ಹಾಕತಿದ್ಲು. ಅಪ್ಪ ಕೈಕಾಲು ತೊಳಕೊಂಡು ಕುಂಡ್ರೂದರಾಗ ಬಿಸಿ ರೊಟ್ಟಿ ಗಂಗಾಳಕ್ಕ. ಅಪ್ಪಗ ಒಂದ ದಿನಾನೂ "ಊಟಕ್ಕ ಬರ್ರಿ" ಅಂತ ಕರೆದದ್ದು ನನಗ ನೆನಪಿಲ್ಲ. ಗಾಡಿನ ಹೇಳತಿತ್ತು, ರೊಟ್ಟಿನ ಉತ್ತರ ಕೊಡತಿತ್ತು.

ಅದಕ್ಕ, "ಗಾಡಿ ಸಪ್ಪಳ ಅಂದ್ರ ಬರೇ ಗದ್ದಲ" ಅನ್ನೋವರ ಮಾತು ನಾನು ಒಪ್ಪೂದಿಲ್ಲ. ಸಪ್ಪಳದಾಗ ಮನಷ್ಯಾ ಇರತಾನ. ಆರ್‌ಎಕ್ಸ್ ನೂರು ಗಾಡಿ ತಯಾರಾಗೂದು ನಿಂತು ಎಷ್ಟ ವರ್ಷ ಆತು, ಇವತ್ತಿಗೂ ಅದರ ಸಪ್ಪಳ ಬಂತಂದ್ರ ನಮ್ಮ ಮನೆಯವರು ಪೇಪರಿನಿಂದ ತಲಿ ಎತ್ತಿ ನೋಡತಾರ. ಮಗ ಬುಲೆಟ್ಟಿಗೆ ಸಪ್ಪಳ ಬೇಡ್ತಾನಂದ್ರ ನನಗ ಅವನ ಮ್ಯಾಲ ಸಿಟ್ಟು ಬರಲಿಲ್ಲ. ನಾನೂ ಒಂದ ಸಪ್ಪಳಕ್ಕ ಕಿವಿ ಕೊಟ್ಟು ಬೆಳೆದಾಕಿ.

ಆದ್ರ ಒಂದ ಮಾತು ನಾನು ಮರತಿದ್ದೆ. ಆವಾಗ ಬಬಲೇಶ್ವರದಾಗ ಅಂಥ ಗಾಡಿ ಬೆರಳ ಮ್ಯಾಲ ಎಣಿಸೂವಷ್ಟು. ಅಪ್ಪಾರ ಗಾಡಿ ಕಂಪನಿ ಕೊಟ್ಟ ಸೈಲೆನ್ಸರಿನ್ಯಾಗನ ಮಾತಾಡತಿತ್ತು, ಹೊತ್ತು ಮುಳುಗಿದ ಮ್ಯಾಲ ಒಂದ ಸಲ. ನಮ್ಮ ಹುಡುಗ ತಿಕೋಟಾದ ತೋಟಕ್ಕ ಹೊಂಡೂದು ನಸುಕಿನ ಐದಕ್ಕ. ವಿಜಾಪುರದ ಓಣಿ, ಗ್ವಾಡಿಗೆ ಗ್ವಾಡಿ ಹತ್ತಿದ ಮನಿ.

ಸೈಲೆನ್ಸರ್ ಬಂತು. ಗಾಡಿ ಮಿಸ್ತ್ರಿ ಅರ್ಧ ತಾಸಿನ್ಯಾಗ ಹಳೇದು ಬಿಚ್ಚಿ ಹೊಸಾದು ಹಾಕಿ ಕಳಿಸಿದ. ಹಳೇದನ್ನ ಗೋಣಿಚೀಲದಾಗ ಸುತ್ತಿ ಮಾಳಗಿ ಮ್ಯಾಲ ಒಗೆದ್ವಿ.

ಈಗ ಸ್ವಲ್ಪ ತಿಳಿಸಿ ಹೇಳತೀನಿ, ಯಾಕಂದ್ರ ನಾನೂ ಆಮ್ಯಾಲನ ಕೇಳಿ, ಓದಿ ತಿಳಕೊಂಡಿದ್ದು. ಸೈಲೆನ್ಸರ್ ಅಂದ್ರ ಏನು? ಕುಕ್ಕರ್ ನೆನಪ ಮಾಡಿಕೋರಿ. ಒಳಗ ಉಗಿ ಒತ್ತಿ ನಿಂತಿರತೈತಿ, ಸೀಟಿ ಎತ್ತಿದ್ರ ಒಮ್ಮೆಲೆ ಭುಸ್ಸಂತ ಹೊರಗ ಬರತೈತಿ. ಇಂಜಿನ್ನಿನ್ಯಾಗೂ ಹಂಗನ. ಪೆಟ್ರೋಲು ಉರಿದು ಬಿಸಿ ಗಾಳಿ ಒತ್ತಿ ನಿಂತಿರತೈತಿ, ಹೊರಗ ಹೋಗೋ ವಾಲ್ವ್ ತೆರೆದ ಕೂಡಲೇ ಪೈಪಿಗೆ ನುಗ್ಗತೈತಿ. ಒಂದೊಂದ ನುಗ್ಗೂದೂ ಒಂದೊಂದ ಸಣ್ಣ ಸಿಡಿತ. ಬುಲೆಟ್ಟಿಗೆ ಒಂದ ಸಿಲಿಂಡರ್, ಅದೂ ದೊಡ್ಡದು. ಅದಕ್ಕ ಆ ಸಿಡಿತ ಬಿಡಿ ಬಿಡಿಯಾಗಿ, ಡುಗ್ ಡುಗ್ ಅಂತ ಕೇಳತೈತಿ. ನಾಕು ಸಿಲಿಂಡರಿನ ಕಾರಿನ್ಯಾಗ ಸಿಡಿತ ಒಂದರ ಬೆನ್ನಿಗೆ ಒಂದು ಬಂದು ಗುಂಯ್ಯಂತ ಕೂಡಿಹೋಗತಾವು.

ಸೈಲೆನ್ಸರಿನ ಒಳಗ ಸಣ್ಣ ಸಣ್ಣ ಖೋಲಿ ಇರತಾವು, ತೂತು ಬಿದ್ದ ಕೊಳವಿ ಇರತಾವು. ಸಪ್ಪಳದ ಅಲೆ ಒಂದ ಖೋಲಿಯಿಂದ ಇನ್ನೊಂದಕ್ಕ ಹೋಗಿ, ಗ್ವಾಡಿಗೆ ಬಡಿದು ತಿರುಗಿ, ಎದುರಿಗೆ ಬಂದ ಅಲೆಗೆ ಹಾಯ್ದು ಒಂದನ್ನೊಂದು ಕಡಿಮಿ ಮಾಡತಾವು. ಕೆಲವದರಾಗ ಗಾಜಿನ ನಾರು ತುಂಬಿರತಾರ, ಅದು ಸಪ್ಪಳ ಹೀರತೈತಿ. ಈ ಹುಡುಗೂರು ತರೋ ಸೈಲೆನ್ಸರಿನ್ಯಾಗ ಎಷ್ಟೋ ಸಲ ಖೋಲಿನೂ ಇಲ್ಲ, ನಾರೂ ಇಲ್ಲ, ಬರೇ ಕೊಳವಿ. ಇತ್ತಿಂದ ಅತ್ತ ನೋಡಿದ್ರ ಬೆಳಕ ಕಾಣತೈತಿ. ಅಂಥಾದ್ದಕ್ಕ ಸೈಲೆನ್ಸರ್ ಅನ್ನೂದು, ತಳ ಇಲ್ಲದ ಕೊಡಕ್ಕ ಕೊಡ ಅಂದಂಗ.

ಇನ್ನೊಂದ ತಿಳಕೊಂಡಿದ್ದು ಡೆಸಿಬಲ್ ಲೆಕ್ಕ. ಇದು ನಮ್ಮ ಕಿರಾಣಿ ಲೆಕ್ಕ ಅಲ್ಲ. ಎಂಬತ್ತರ ಮ್ಯಾಲ ಹತ್ತು ಏರಿ ತೊಂಬತ್ತಾತಂದ್ರ ಸಪ್ಪಳದ ಶಕ್ತಿ ಹತ್ತು ಪಟ್ಟು ಆಗತೈತಿ, ಕಿವಿಗೆ ಸುಮಾರು ಎರಡು ಪಟ್ಟು ಜೋರ ಅನಸತೈತಿ. 85 ಡೆಸಿಬಲ್ಲಿನ್ಯಾಗ ಎಂಟು ತಾಸು ಕೆಲಸ ಮಾಡಬಹುದು, ಅದಕ್ಕಿಂತ ಮೂರು ಏರಿದಂಗ ಹೊತ್ತು ಅರ್ಧ ಮಾಡಕೋತ ಹೋಗಬೇಕು ಅಂತ ಕಿವಿ ಕಾಯೋ ಲೆಕ್ಕ. ನೂರಕ್ಕ ಬಂದ್ರ ಬರೇ ಹದಿನೈದು ನಿಮಿಷ. ನಮ್ಮ ಹುಡುಗ ವಿಜಾಪುರದಿಂದ ತಿಕೋಟಾಕ್ಕ ಮುಟ್ಟೂದರಾಗ ಎಷ್ಟು ಹೊತ್ತು ಆಗತೈತಿ ಅಂತ ನೀವ ಲೆಕ್ಕ ಹಾಕರಿ. ಅವನ ಕಿವಿ ಅವನ ಗಾಡಿ ಮ್ಯಾಲನ ಕುಂತಿರತಾವು. ಒಳಕಿವಿಯಾಗ ಸತ್ತ ಸಣ್ಣ ಕೂದಲ ಕೋಶ ಮತ್ತ ಹುಟ್ಟೂದಿಲ್ಲ. ಕೂದಲಂತೂ ತಲಿಗೆ ಎಣ್ಣಿ ಹಚ್ಚಿದ್ರ ಬರಬಹುದು ಅಂತ ನಂಬೇವಿ, ಕಿವಿಯೊಳಗಿನವಕ್ಕ ಯಾವ ಎಣ್ಣಿನೂ ಇಲ್ಲ.

ಎರಡು ವಾರ ಆತು. ಓಣ್ಯಾಗ ಯಾರೂ ಏನೂ ಅನ್ನಲಿಲ್ಲ. ನಾನು ತಿಳಕೊಂಡೆ, ಯಾರಿಗೂ ತ್ರಾಸ ಇಲ್ಲ ಅಂತ. ಇಲ್ಲಿ ನಮ್ಮ ಹೆಂಗಸರ ಒಂದ ಗುಣದ ಬಗ್ಗೆ ಹೇಳಬೇಕು. ನೀರಿನ ಸರದಿ ತಪ್ಪಿದ್ರ ಜಗಳ ತಗೀತೀವಿ, ಕಸ ನಮ್ಮ ಬಾಗಿಲಿಗೆ ಬಂದ್ರ ಜಗಳ ತಗೀತೀವಿ. ಆದ್ರ ಬಾಜೂಮನಿಯ ಬೆಳೆದ ಮಗನ ಬಗ್ಗೆ ಅವರ ಅವ್ವನ ಮುಂದ ಒಂದ ಮಾತು ಹೇಳಾಕ ಬಾಯಿ ಬರೂದಿಲ್ಲ. "ಅಕಿಗೆ ಬ್ಯಾಸರ ಆದೀತು" ಅಂತ ಸುಮ್ಮನ ಇರತೀವಿ.

ಒಂದ ದಿನ ಮಧ್ಯಾಹ್ನ ಮಾವಿನಕಾಯಿ ಉಪ್ಪಿನಕಾಯಿ ಕೊಡಾಕ ಬಾಜೂಮನಿ ಕಾಕು ಕಡೆ ಹೋದೆ. ಅವರ ಮಗಳು ಬಾಣಂತನಕ್ಕ ಬಂದಾಳ, ಕೂಸಿಗೆ ಎರಡ ತಿಂಗಳು. ಮುಂದಿನ ಪಡಸಾಲ್ಯಾಗ ತೊಟ್ಟಿಲ ಇರತಿತ್ತು, ಫ್ಯಾನಿನ ಕೆಳಗ. ಅವತ್ತು ಇರಲಿಲ್ಲ. "ಎಲ್ಲಿ ಇಟ್ಟೀರಿ ಕಾಕು?" ಅಂದೆ. ಹಿಂದಿನ ಖೋಲಿಗೆ ಒಯ್ದಿದ್ರು. ಒಲಿ ಬಾಜೂಕಿನ ಖೋಲಿ, ಕಿಡಕಿ ಇಲ್ಲ, ಕಾಳಿನ ಚೀಲ ಇಡೋ ಜಾಗಾ. ನಮ್ಮ ವಿಜಾಪುರದ ಮೇ ತಿಂಗಳ ಝಳ ನಿಮಗ ಹೇಳಬೇಕಂದಿಲ್ಲ. ಕೂಸಿನ ಕೊಳ್ಳಾಗ ಬೆವರಸಾಲಿ ಎದ್ದಿತ್ತು. ತಾಯಿ ಸೆರಗಿನಿಂದ ಗಾಳಿ ಹಾಕಾಕತ್ತಿದ್ಲು.

"ಇಲ್ಯಾಕ ಇಟ್ಟೀರಿ?" ಅಂದೆ.

"ಹಿಂದ ತಂಪ ಇರತೈತೆವ್ವಾ" ಅಂದ್ರು ಕಾಕು, ನನ್ನ ಮಾರಿ ನೋಡಲಿಲ್ಲ.

ಒಲಿ ಬಾಜೂಕ ತಂಪ! ನನಗ ಒಂದ ಗಳಿಗಿ ತಿಳೀಲಿಲ್ಲ. ಆಮ್ಯಾಲ ತಿಳೀತು. ಅವರ ಪಡಸಾಲಿ ನಮ್ಮ ಗಾಡಿ ನಿಂದರೋ ಗ್ವಾಡಿಗೆ ಹತ್ತೇತಿ. ನಸುಕಿನ ಐದಕ್ಕ ನಮ್ಮಾಂವ ಗಾಡಿ ಶುರು ಮಾಡಿ, ಇಂಜಿನ್ ಬಿಸಿ ಆಗಲಿ ಅಂತ ನಾಕ ಸಲ ರೇಸ್ ಕೊಡತಾನ. ಕೂಸು ಬೆಚ್ಚಿ ಎದ್ದು, ಬಾಣಂತಿ ಎದ್ದು, ಆ ಮನಿಗೆ ಮುಂದ ನಿದ್ದಿ ಇಲ್ಲ. ಅವರು ನಮಗ ಹೇಳಲಿಲ್ಲ. ತೊಟ್ಟಿಲ ಸರಿಸಿದ್ರು.

ಉಪ್ಪಿನಕಾಯಿ ಡಬ್ಬಿ ಅಲ್ಲೇ ಇಟ್ಟು ಮನಿಗೆ ಬಂದೆ. ನಮ್ಮ ಅತ್ತಿಯಾರನ್ನ ಕೇಳಿದೆ, "ಅತ್ತಿ, ನಿಮಗೂ ತ್ರಾಸ ಆಗತೈತೇನ್ರಿ?" ಅವರಿಗೆ ಕಿವಿ ಮಂದ, ಅದಕ್ಕ ನಾನು ಕೇಳಿರಲೇ ಇಲ್ಲ. "ಕಿವಿಗೆ ಕೇಳಂಗಿಲ್ಲವ್ವಾ, ಎದಿಯಾಗ ಬಡೀತೈತಿ" ಅಂದ್ರು. ಅದೂ ಖರೇ ಮಾತು. ದಪ್ಪ ಸಪ್ಪಳ ಗ್ವಾಡಿ, ಬಾಗಲಾ, ಕಿಡಕಿ ಎಲ್ಲಾ ದಾಟಿ ಒಳಗ ಬರತೈತಿ. ಸಣ್ಣ ಕೀರಲ ಸಪ್ಪಳ ಹೊರಗ ನಿಂದರತೈತಿ. ಅದಕ್ಕ ದೂರದ ಡಿಜೆದಾಗ ಹಾಡು ಕೇಳೂದಿಲ್ಲ, ಧಡ್ ಧಡ್ ಅಷ್ಟ ಕೇಳತೈತಿ. ಬಿಪಿ ಗುಳಿಗಿ ತಗೊಳೋ ಮುದುಕಿ ಹೇಳದನ ಎದಿ ಹಿಡಕೊಂಡು ಮಲಗಿದ್ಲು, ನಾನು ರೊಕ್ಕ ಕೊಟ್ಟ ಸಪ್ಪಳಕ್ಕ.

ಈಗ ಕಾಯ್ದೆ ಮಾತು. ನನ್ನ ತಂಗಿ ಗಂಡ ಒಂದ ಮಾತು ಕೇಳಿದ: "ಅಕ್ಕಾರ, ಗಾಡಿ ಯಾರ ಹೆಸರಿನ್ಯಾಗ ಐತಿ?" ಹೋಗಿ ಆರ್‌ಸಿ ತಗದು ನೋಡಿದೆ. ನನ್ನ ಹೆಸರು! ದೀಪಾವಳಿ ಪಾಡ್ಯದ ದಿನ ಗಾಡಿ ತಂದಾಗ "ಲಕ್ಷ್ಮೀ ಹೆಸರಿಲೆ ಇರಲಿ" ಅಂತ ನಮ್ಮ ಮನೆಯವರು ನನ್ನ ಹೆಸರಿಗೆ ಮಾಡಿಸಿದ್ರು. ನಾನು ಖುಷಿಲೆ ಸಹಿ ಮಾಡಿ ಮರತಿದ್ದೆ. ನೀವೂ ಒಮ್ಮೆ ಕಪಾಟು ತಗದು ನೋಡಿಕೋರಿ. ನಮ್ಮ ಕಡೆ ಎಷ್ಟೋ ಗಾಡಿ ಹೆಂಗಸರ ಹೆಸರಿನ್ಯಾಗ ಇರತಾವು, ಕೀಲಿ ಮಾತ್ರ ಗಂಡಸರ ಕಿಸೆದಾಗ.

1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕ ಹೊಂದದಂಗ ಗಾಡಿ ಬದಲಿ ಮಾಡೂಹಂಗಿಲ್ಲ. 2019ರಾಗ ಸುಪ್ರೀಂ ಕೋರ್ಟೂ ಇದನ್ನ ಎತ್ತಿ ಹಿಡಿದೈತಿ. ಅದೇ ವರ್ಷ ಕಾಯ್ದೆ ತಿದ್ದಿ ದಂಡ ಏರಿಸಿದ್ರು. ಒಪ್ಪಿಗಿ ಇಲ್ಲದ ಭಾಗ ಹಾಕಿಸಿದ್ರ 182ಎ ಕಲಮಿನ ಪ್ರಕಾರ ಮಾಲೀಕರಿಗೆ ಆರು ತಿಂಗಳವರೆಗೆ ಜೈಲು, ಇಲ್ಲಾ ಒಂದೊಂದ ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲಾ ಎರಡೂ. ಮಾಲೀಕರು ಅಂದ್ರ ನಾನು! ಗದ್ದಲದ ಗಾಡಿ ಹೊಡಿಯಾಂವಗ 190ನೇ ಕಲಮಿನ್ಯಾಗ ಮೊದಲನೇ ಸಲಕ್ಕ 10,000 ರೂಪಾಯಿವರೆಗೆ ದಂಡ, ಮೂರು ತಿಂಗಳವರೆಗೆ ಜೈಲು, ಮೂರು ತಿಂಗಳು ಲೈಸನ್ಸಿಗೆ ಕತ್ತರಿ. ದೊಡ್ಡ ಬೈಕ್ ತಯಾರಾಗಿ ಹೊರಗ ಬರೋವಾಗ ಪರೀಕ್ಷಾದಾಗ ಏಳೂವರೆ ಮೀಟರ್ ದೂರದಿಂದ 80 ಡೆಸಿಬಲ್ ಮೀರಬಾರದು. ಜನ ಇರೋ ಓಣ್ಯಾಗ ಹಗಲು 55, ರಾತ್ರಿ ಹತ್ತರಿಂದ ಮುಂಜಾನಿ ಆರರವರೆಗೆ 45 ಅಂತ 2000ದ ಇಸವಿಯ ಶಬ್ದ ಮಾಲಿನ್ಯ ನಿಯಮ. ನಮ್ಮಾಂವ ಹೊಂಡೂದು ಐದಕ್ಕ, ಕಾಯ್ದೆ ಲೆಕ್ಕದಾಗ ಅದು ಇನ್ನೂ ರಾತ್ರಿ. ದವಾಖಾನಿ, ಸಾಲಿ, ಕೋರ್ಟಿನ ಸುತ್ತ ನೂರು ಮೀಟರ್ ಇನ್ನೂ ಬಿಗಿ. ಪೊಲೀಸರು ಇಂಥ ಸೈಲೆನ್ಸರ್ ಕಿತ್ತು ಸಾಲಾಗಿ ರಸ್ತೆ ಮ್ಯಾಲ ಇಟ್ಟು ರೋಡ್ ರೋಲರ್ ಹಾಯಿಸೂದನ್ನ ನೀವೂ ಟಿವ್ಯಾಗ ನೋಡೀರಿ. ಅದು ನೋಡುವಾಗ ನಾವು ನಗತಿದ್ವಿ. ಆ ಸಾಲಿನ್ಯಾಗ ಎಷ್ಟು ಅವ್ವಂದಿರ ಡಬ್ಬಿ ರೊಕ್ಕ ಇತ್ತೋ.

ಮಗನ ಮುಂದ ಇದನ್ನೆಲ್ಲಾ ಇಟ್ಟೆ. ಅವನೂ ಸುಮ್ಮನ ಕುಂಡ್ರಲಿಲ್ಲ, ಅವನ ಮಾತನ್ನೂ ನ್ಯಾಯವಾಗಿ ಬರೀತೀನಿ.

"ಅವ್ವಾ, ಸಪ್ಪಳ ಇದ್ರ ರಸ್ತೆದಾಗ ಲಾರಿಯವರಿಗೆ ಗೊತ್ತಾಗತೈತಿ, ಜೀವ ಉಳೀತೈತಿ" ಅಂದ. ಇದು ಪರದೇಶದ ಬೈಕಿನವರೂ ಹೇಳೋ ಮಾತಂತ. ಆದ್ರ ಸೈಲೆನ್ಸರಿನ ಬಾಯಿ ಹಿಂದಕ್ಕ ಇರತೈತಿ. ಜಾಸ್ತಿ ಸಪ್ಪಳ ಹೋಗೂದು ಹಿಂದಿನವರಿಗೆ, ಮುಂದಿನಿಂದ ಬರೋ ಲಾರಿಯವ ಕಿಡಕಿ ಏರಿಸಿ ಹಾಡು ಹಚ್ಚಿರತಾನ. ಜೀವ ಉಳಸಾಕ ಹೆಲ್ಮೆಟ್ ಐತಿ, ಹಾರನ್ ಐತಿ, ಹಗಲೂ ಉರಿಯೋ ಲೈಟ್ ಐತಿ. "ಹೆಲ್ಮೆಟ್ ಎಲ್ಲೈತಿ?" ಅಂತ ಕೇಳಿದೆ. ಅದು ಕಪಾಟಿನ ಮ್ಯಾಲ ಧೂಳ ತಿನ್ನಾಕತ್ತಿತ್ತು.

"ಪಿಕಪ್ ಏರತೈತಿ" ಅಂದ. ಇದನ್ನ ಮಿಸ್ತ್ರಿನ ನಗಕೋತ ಬಿಡಿಸಿ ಹೇಳಿದ: ರೇಸಿನ ಗಾಡಿಗೆ ಇಂಜಿನ್ನಿನಿಂದ ಹಿಡಿದು ಪೈಪು, ಪೆಟ್ರೋಲಿನ ಅಳತಿ ಎಲ್ಲಾ ಕೂಡಿಸಿ ಬದಲಿ ಮಾಡತಾರ, ಬರೇ ಹಿಂದಿನ ಡಬ್ಬಿ ಬದಲಿ ಮಾಡಿದ್ರ ಏರೂದು ಸಪ್ಪಳ, ಓಟ ಅಲ್ಲ. ಕಿವಿಗೆ ಜೋರ ಕೇಳಿದ್ದಕ್ಕ ಗಾಡಿ ಜೋರ ಹೊಂಟೈತಿ ಅನಸತೈತಿ, ಅಷ್ಟ. ಅದರಾಗ 2020ರ ಏಪ್ರಿಲ್ ಮ್ಯಾಲ ಬಂದ ಬಿಎಸ್-6 ಗಾಡಿಗೆ ಹೊಗಿ ಶುದ್ಧ ಮಾಡೋ ಜೇನುಗೂಡಿನಂಥ ಒಂದು ಭಾಗ ಪೈಪಿನ್ಯಾಗ ಇರತೈತಿ. ಕೆಲವರು ಸಪ್ಪಳದ ಆಸೆಗೆ ಅದನ್ನೂ ಕಿತ್ತು ಒಗೀತಾರ. ಸಪ್ಪಳದ ಕೂಡ ವಿಷದ ಹೊಗಿನೂ ಓಣಿಗೆ. ಕಂಪನಿ ವಾರಂಟಿಗೂ ಕುತ್ತು ಬರಬಹುದು.

ಮೂರನೇ ಮಾತಿಗೆ ನನ್ನ ಹತ್ತರ ಉತ್ತರ ಕಡಿಮಿ ಇತ್ತು. "ಕಬ್ಬಿನ ಟ್ರ್ಯಾಕ್ಟರಿನವರು ಡಬ್ಬ ಹಚ್ಚಿ ರಾತ್ರಿ ಎಲ್ಲಾ ಹಾಡು ಹಾಕತಾರ, ಮದವಿಗೆ ಡಿಜೆ ತರತೀರಿ, ಅವಾಗ ಕಾಯ್ದೆ ಎಲ್ಲಿ ಹೋಗಿರತೈತಿ? ನನ್ನ ಗಾಡಿ ಒಂದ ಕಣ್ಣಿಗೆ ಬಿತ್ತೇನು?" ಅಂದ. ಖರೇ ಐತಿ. ನಮ್ಮ ಮನ್ಯಾಗಿನ ಮದವಿಗೂ ಡಿಜೆ ಬಂದಿತ್ತು, ಆವಾಗ ನಾನೂ ಕುಣಿದೀನಿ. ಆದ್ರ ಮದವಿ ಒಂದ ದಿನ, ಕರೆಯ ಕಳಿಸಿರತೀವಿ, ಓಣಿಯವರೂ ಉಂಡು ಹೋಗಿರತಾರ. ನಸುಕಿನ ಐದಕ್ಕ ದಿನಾ ಬರೋ ಸಪ್ಪಳಕ್ಕ ಯಾರೂ ಕರೆಯ ಕೊಟ್ಟಿರೂದಿಲ್ಲ. ಮಂದಿ ತಪ್ಪು ಮಾಡತಾರಂತ ನಮ್ಮ ತಪ್ಪು ಸಣ್ಣದಾಗೂದಿಲ್ಲ, ಡಿಜೆ ಮಾತೂ ಒಂದ ದಿನ ಕುಂತು ಮಾತಾಡೋಣ ಅಂದೆ. ಅದನ್ನ ಇಲ್ಲಿ ಬರೆದಿಡತೀನಿ, ಮುಂದಿನ ಮದವ್ಯಾಗ ನೀವ ನನಗ ನೆನಪ ಮಾಡರಿ.

ಇನ್ನೊಂದನ್ನ ಅವನಿಗೆ ನಾನು ಹೇಳಲಿಲ್ಲ, ನನ್ನ ಮಗಳು ಹೇಳಿದ್ಲು. ಅಕಿ ತೊರವಿ ಕಡೆ ದಿನಾ ಬಸ್ಸಿಗೆ ನಿಂದರತಾಳ. ಕೆಲವು ಹುಡುಗೂರು ಹುಡುಗ್ಯಾರು ನಿಂತಲ್ಲೇ ಬಂದು ರೇಸ್ ಒತ್ತಿ ಬಿಟ್ಟು ಪಟಾಕಿ ಹೊಡೆದಂಗ ಫಟ್ ಅನಸತಾರ. ಹುಡುಗ್ಯಾರು ಬೆಚ್ಚಿ ಹಾರಿದ್ರ ಅವರಿಗೆ ನಗಿ. "ಅಣ್ಣಾ, ನೀ ಹಂಗ ಮಾಡಂಗಿಲ್ಲ, ನನಗ ಗೊತ್ತೈತಿ. ಆದ್ರ ಆ ಸಪ್ಪಳ ಕೇಳಿದ ಕೂಡಲೇ ನಾವು ಎಲ್ಲಾರೂ ಗ್ವಾಡಿಗೆ ಸರೀತೀವಿ. ನಿನ್ನ ಸಪ್ಪಳನೂ ಅದನ" ಅಂದ್ಲು. ಅಂವ ಮಾತಾಡಲಿಲ್ಲ. ಕಾಯ್ದೆ, ಡೆಸಿಬಲ್, ದಂಡ ಎಲ್ಲಾ ಹೇಳಿದಾಗ ಉತ್ತರ ಇದ್ದಾಂವಗ ತಂಗಿ ಮಾತಿಗೆ ಉತ್ತರ ಇರಲಿಲ್ಲ.

ಅದೇ ಹೊತ್ತಿಗೆ ಪುಣೆಯಿಂದ ನಮ್ಮ ನಾದಿನಿ ಮಗ ತಿಕೋಟಾದ ಒಂದ ಮದವಿಗೆ ಬಂದಿದ್ದ, ಗೆಳೆಯಾನ ಸ್ಪೋರ್ಟ್ಸ್ ಕಾರು ತಗೊಂಡು. ಹುಡುಗೂರೆಲ್ಲಾ ಅದರ ಸುತ್ತ. ನಮ್ಮ ಓಣಿಗೆ ಬಂದಾಗ ಅದು ಬೆಕ್ಕಿನಂಗ ಬಂತು. ನಾನು ಕೇಳಿದೆ, "ಇಷ್ಟ ದೊಡ್ಡ ಕಾರು, ಸಪ್ಪಳನ ಇಲ್ಲಲ್ಲೋ?" ಅಂವ ಹೇಳಿದ: "ಅತ್ತಿ, ಇದರ ಸೈಲೆನ್ಸರಿನ್ಯಾಗ ಒಂದ ಬಾಗಲಾ ಇರತೈತಿ, ಚಿಟ್ಟಿ ರೆಕ್ಕಿ ತಿರುಗಿದಂಗ ತಿರುಗತೈತಿ. ಓಣ್ಯಾಗ ಮುಚ್ಚಿರತೈತಿ, ಗಾಳಿ ಎಲ್ಲಾ ಖೋಲಿ ಸುತ್ತಿ ಹೋಗತೈತಿ. ಖುಲ್ಲಾ ರಸ್ತೆದಾಗ ತೆರೀತೈತಿ, ಆವಾಗ ಸೀದಾ ಹೊರಗ." ಕಂಪನಿಯವರನ ಅಳತಿ ಮಾಡಿ, ಪರೀಕ್ಷೆ ಮಾಡಿಸಿ ಹಾಕಿರತಾರಂತ. ಬಿಎಂಡಬ್ಲ್ಯೂ ಅಂಥ ಕಂಪನಿ ತನ್ನ ಎಂ5 ಕಾರಿನ್ಯಾಗ ಇಂಜಿನ್ ಸಪ್ಪಳವನ್ನ ಒಳಗಿನ ಸ್ಪೀಕರಿನ್ಯಾಗ ಹಚ್ಚಿತ್ತು ಅಂತ ಅವನ ಹೇಳಿದ. ಹೊಡಿಯಾಂವಗ ಸಪ್ಪಳದ ಖುಷಿ ಬೇಕು, ಹೊರಗಿನವರಿಗೆ ಬ್ಯಾಡ, ಅದಕ್ಕ ಆ ಉಪಾಯ. ಅತ್ತಕಡೆ ಪ್ಯಾರಿಸ್ಸಿನ್ಯಾಗ 2022ರಿಂದ ಗದ್ದಲದ ಗಾಡಿ ಹಿಡಿಯಾಕ ಸಪ್ಪಳ ಅಳೆಯೋ ಕ್ಯಾಮೆರಾ ಕಂಬಕ್ಕ ಹಚ್ಚಿ ನೋಡ್ಯಾರಂತ.

ನನಗ ಅದರಾಗ ಒಂದ ಮಾತು ಹಿಡಿಸಿತು. ಕೋಟಿ ರೂಪಾಯಿ ಕಾರಿನವನೂ ಓಣಿಗೆ ಬಂದಾಗ ಬಾಗಲಾ ಮುಚ್ಚತಾನ. ನಮ್ಮ ಹುಡುಗೂರ ನಾಕು ಸಾವಿರದ ಕೊಳವಿಗೆ ಬಾಗಲಾನ ಇಲ್ಲ.

ನಮ್ಮ ಊರಿಗಂತೂ ಸಪ್ಪಳದ ಪಾಠ ಹೊರಗಿನವರು ಹೇಳಬೇಕಾಗಿಲ್ಲ. 1656ರಾಗ ಮುಗಿದ ಗೋಲಗುಮ್ಮಟ ನಮ್ಮದು. ಮ್ಯಾಲಿನ ಪಿಸುಮಾತಿನ ಮೊಗಸಾಲ್ಯಾಗ ಗ್ವಾಡಿಗೆ ಬಾಯಿ ಹಚ್ಚಿ ಸಣ್ಣಗೆ ಅಂದಿದ್ದು ಎದುರಿನ ಮಗ್ಗಲಕ್ಕ, ನೂರಿಪ್ಪತ್ತು ಅಡಿ ದೂರಕ್ಕ ಸ್ಪಷ್ಟ ಕೇಳತೈತಿ. ಆದ್ರ ನೀವು ಹೋದಾಗ ಎಂದರ ಕೇಳೀರೇನು? ನಾನು ಮದವಿ ಆದ ಹೊಸದಾಗಿ ಹೋಗಿದ್ದೆ. ನಮ್ಮ ಮನೆಯವರು ಆ ಕಡೆ ನಿಂತು ಏನೋ ಅಂದ್ರು. ಸಾಲಿ ಹುಡುಗೂರು ಹೋ ಅಂತ ಒದರಾಕತ್ತಿದ್ರು, ಒಂದ ಒದರೂದು ಹತ್ತ ಸಲ ತಿರುಗಿ ಬರಾಕತ್ತಿತ್ತು. ಅವರು ಏನಂದ್ರು ಅಂತ ಇವತ್ತಿಗೂ ನನಗ ಗೊತ್ತಿಲ್ಲ. ಕೇಳಿದ್ರ "ನೆನಪಿಲ್ಲ ಬಿಡು" ಅಂತಾರ. ಒದರಾವ್ರು ನಾಕು ಮಂದಿ ಇದ್ರ ಸಾಕು, ಎಲ್ಲಾರ ಪಿಸುಮಾತೂ ಹೋಗತಾವು.

ಇನ್ನ ಶೆರ್ಜಾ ಬುರುಜಿನ ಮ್ಯಾಲಿನ ಮಲಿಕ್-ಎ-ಮೈದಾನ ತೋಪು. 55 ಟನ್ ಭಾರ. ಅದಕ್ಕ ಬತ್ತಿ ಹಚ್ಚಿದಾಂವ ಸಪ್ಪಳಕ್ಕ ಕಿವುಡಾಗಬಾರದಂತ ಬಾಜೂಕಿನ ನೀರಿನ ಹೌದಿನ್ಯಾಗ ಮುಳುಗತಿದ್ದ ಅಂತ ನಮ್ಮೂರಾಗ ಹೇಳತಾರ. ತೋಪಿನವಗೂ ತನ್ನ ಕಿವಿ ಕಾಳಜಿ ಇತ್ತು, ಮುಳುಗಾಕ ಒಂದ ಹೌದೂ ಇತ್ತು. ಬಾಜೂಮನಿ ಕೂಸು ಎಲ್ಲಿ ಮುಳುಗಬೇಕು?

ಕಡೀಗೆ ಏನಾತು ಅಂತ ಕೇಳತೀರಿ. ಸಿನೆಮಾದಾಗಿನಂಗ ಅಂವ ಅವತ್ತ ರಾತ್ರಿನ ಬದಲಾಗಲಿಲ್ಲ. ಮೊದಲು ಓಣಿ ತುದಿಮಟ ಗಾಡಿ ನೂಕಿಕೊಂಡು ಹೋಗಿ ಅಲ್ಲಿ ಶುರು ಮಾಡಾಕ ಹತ್ತಿದ. ಬುಲೆಟ್ ನೂಕೂದಂದ್ರ ಎಮ್ಮಿ ಎಬ್ಬಿಸಿದಂಗ, ನಾಕ ದಿನಕ್ಕ ಸೋತ. ಆಮ್ಯಾಲ ಡಿಬಿ ಕಿಲ್ಲರ್ ಅಂತ ಒಂದ ಸಣ್ಣ ತೂತಿನ ಕೊಳವಿ ತಂದು ಒಳಗ ಸೇರಿಸಿದ. ಸ್ವಲ್ಪ ಇಳೀತು, ಸಾಕಾಗುವಷ್ಟಲ್ಲ. ಹದಿನೈದ ದಿನಕ್ಕ ತಾನ ಮಾಳಗಿಗೆ ಹೋಗಿ ಗೋಣಿಚೀಲ ಬಿಚ್ಚಿ ಕಂಪನಿ ಸೈಲೆನ್ಸರ್ ಇಳಿಸಿದ. ಹೊಸಾದನ್ನ ಗೆಳೆಯಾಗ ಅರ್ಧಾ ರೊಕ್ಕಕ್ಕ ಮಾರತೀನಿ ಅಂದ. ನಾನು ಬ್ಯಾಡ ಅಂದೆ. "ಅದು ನನ್ನ ಡಬ್ಬಿ ರೊಕ್ಕ, ಅದು ನಂದು. ಇನ್ನೊಬ್ಬರ ಓಣಿಗೆ ನಾ ಕಳಸೂದಿಲ್ಲ" ಅಂದೆ. ಈಗ ಅದು ಮಾಳಗಿ ಮ್ಯಾಲ ಸಂಡಿಗಿ ತಾಡಪತ್ರಿ ಗಾಳಿಗೆ ಹಾರದಂಗ ಭಾರಕ್ಕ ಬಿದ್ದೈತಿ. ನಾಲ್ಕೂವರೆ ಸಾವಿರದ ಕಲ್ಲು.

ಕಾಕು ಮನಿಯ ತೊಟ್ಟಿಲ ಮತ್ತ ಪಡಸಾಲಿಗೆ ಬಂದೈತಿ. ನಾನು ಹೋಗಿ ಕೇಳಿದೆ, "ಯಾಕ ಕಾಕು, ನನಗ ಒಂದ ಮಾತು ಹೇಳಬಾರದಾಗಿತ್ತೇನ್ರಿ?" ಅವರು ನಕ್ಕು, "ನಿನಗ ಕೇಳಸಂಗಿಲ್ಲೇನವ್ವಾ, ನೀನೂ ಅದ ಮನ್ಯಾಗ ಇರತಿ" ಅಂದ್ರು. ಆ ಮಾತು ಸೈಲೆನ್ಸರಿಗಿಂತ ಜೋರ ಕೇಳಿತು ನನಗ.

ಅದಕ್ಕ ಅಕ್ಕಾರ, ವೈನಿ, ತಂಗ್ಯಾರ, ನನ್ನ ಅಭಿಪ್ರಾಯ ಇಷ್ಟ. ಮಕ್ಕಳ ಸಪ್ಪಳದ ಆಸೆಗೆ ಬೈಬ್ಯಾಡರಿ, ಅದು ವಯಸ್ಸಿನ ಆಸೆ, ನಮ್ಮ ಅಪ್ಪಂದಿರಿಗೂ ಇತ್ತು. ಆದ್ರ ರೊಕ್ಕ ಕೊಡೋಕಿಂತ ಮೊದಲು ಮೂರು ಮಾತು ಕೇಳರಿ. ಆ ಸೈಲೆನ್ಸರ್ ಕಂಪನಿ ನಿನ್ನ ಗಾಡಿಗೆ ಒಪ್ಪಿ, ಪರೀಕ್ಷೆ ಮಾಡಿ ಕೊಟ್ಟದ್ದೋ, ಇಲ್ಲಾ ಬರೇ ಕೊಳವಿಯೋ? ಗಾಡಿ ಯಾರ ಹೆಸರಿನ್ಯಾಗ ಐತಿ? ನಸುಕಿನ್ಯಾಗ ಯಾರ ತೊಟ್ಟಿಲ ಬಾಜೂಕ ಅದನ್ನ ಶುರು ಮಾಡತಿ? ಮೂರಕ್ಕೂ ನೆಟ್ಟಗ ಉತ್ತರ ಬಂದ್ರ ಕೊಡರಿ. ಬರದಿದ್ರ ಅದೇ ರೊಕ್ಕಕ್ಕ ಐಎಸ್‌ಐ ಮಾರ್ಕಿನ ಒಂದ ಛಲೋ ಹೆಲ್ಮೆಟ್ ಬರತೈತಿ.

ಮತ್ತ ನಿಮ್ಮ ಬಾಜೂಮನಿಯಿಂದ ಇಂಥ ಸಪ್ಪಳ ಬರಾಕತ್ತಿದ್ರ, ತೊಟ್ಟಿಲ ಸರಿಸಬ್ಯಾಡರಿ. ಹೋಗಿ ಆ ಮನಿ ಅವ್ವನ ಮುಂದ ಕುಂತು ಹೇಳರಿ. ಅಕಿಗೆ ಬ್ಯಾಸರ ಆಗತೈತಿ, ಖರೇ. ನನಗೂ ಆಗತಿತ್ತು. ಆದ್ರ ಒಂದ ಕೂಸಿನ ಮೈಯಾಗ ಬೆವರಸಾಲಿ ಏಳೂಕಿಂತ ನನಗ ಒಂದ ತಾಸು ಬ್ಯಾಸರ ಆಗೂದು ಸಣ್ಣ ಮಾತಾಗಿತ್ತು.